ನಕ್ಷತ್ರಗಳ ದೂರ ನಮಗೆ ಹೇಗೆ ಗೊತ್ತು?

ಚಿತ್ತಾ ನಕ್ಷತ್ರ ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಆಂಡ್ರೊಮಿಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಶಾಲೆಯ ಪುಸ್ತಕದಿಂದ ಹಿಡಿದು ದಿನಪತ್ರಿಕೆಯವರೆಗೆ ಇಂಥ ಅಂಕಿಗಳು ಸಿಗುತ್ತಲೇ ಇರುತ್ತವೆ. ಆದರೆ ಅಲ್ಲಿಗೆ ಯಾರೂ ಹೋಗಿಲ್ಲ. ಹೋಗುವ ದಾರಿಯೂ ಇಲ್ಲ. ಮನುಷ್ಯ ಕಳಿಸಿದ ನೌಕೆಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್ 1. ಅದು ಹೊರಟಿದ್ದು 1977ರಲ್ಲಿ. ಅಂದಿನಿಂದ ಒಂದೇ ಸಮ ಓಡುತ್ತಿದ್ದರೂ ಅದು ತಲುಪಿರುವುದು ಬೆಳಕು ಹೆಚ್ಚುಕಮ್ಮಿ ಒಂದು ದಿನದಲ್ಲಿ ಸಾಗುವ ದೂರವನ್ನು ಮಾತ್ರ. ಹಾಗಿದ್ದಾಗ 25 ಲಕ್ಷ ಜ್ಯೋತಿರ್ವರ್ಷ ಅಂತ ಅಷ್ಟು ಧೈರ್ಯವಾಗಿ ಹೇಳುವುದು ಹೇಗೆ?

ಪುಸ್ತಕಗಳು ಅಂಕಿ ಕೊಡುತ್ತವೆ, ಆ ಅಂಕಿಗೆ ಬಂದ ದಾರಿ ಹೇಳುವುದು ಕಡಿಮೆ. ನನಗಂತೂ ಖಗೋಳ ವಿಜ್ಞಾನದಲ್ಲಿ ಅತಿ ಸೊಗಸಾದ ವಿಷಯ ಆ ದಾರಿಯೇ. ಒಂದು ದೂರ ಸರಿಯಾಗಿ ಗೊತ್ತಾದರೆ ಅದನ್ನಿಟ್ಟುಕೊಂಡು ಅದಕ್ಕಿಂತ ದೊಡ್ಡದನ್ನು ಅಳೆಯುತ್ತಾರೆ. ಆ ದೊಡ್ಡದರ ಬಲದಿಂದ ಇನ್ನೂ ದೊಡ್ಡದನ್ನು. ಇದಕ್ಕೆ ವಿಜ್ಞಾನಿಗಳು ದೂರದ ಏಣಿ ಎನ್ನುತ್ತಾರೆ. ಕೆಳಗಿನ ಮೆಟ್ಟಿಲು ಅಲುಗಾಡಿದರೆ ಮೇಲಿನದೆಲ್ಲಾ ಅಲುಗಾಡುತ್ತದೆ. ಹಾಗೆ ಅಲುಗಾಡಿದ್ದೂ ಉಂಟು. ಅದನ್ನು ಮುಂದೆ ನೋಡೋಣ.

ಒಂದು ಲೆಕ್ಕ ಮೊದಲೇ ತಿಳಿದಿರಲಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಒಂದು ವರ್ಷದಲ್ಲಿ ಅದು ಸಾಗುವ ದೂರವೇ ಜ್ಯೋತಿರ್ವರ್ಷ. ಅಂದರೆ 9.46 ಲಕ್ಷ ಕೋಟಿ ಕಿಲೋಮೀಟರ್. ಹೆಸರಲ್ಲಿ ವರ್ಷ ಇದ್ದರೂ ಇದು ದೂರದ ಅಳತೆ.

ಮೊದಲ ಮೆಟ್ಟಿಲು: ಸೂರ್ಯ

ನಕ್ಷತ್ರಗಳನ್ನು ಅಳೆಯಲು ಬೇಕಾದ ಅಳತೆಗೋಲು ಭೂಮಿಗೂ ಸೂರ್ಯನಿಗೂ ನಡುವಿನ ದೂರ. ಗ್ರಹಗಳ ದೂರಗಳು ಒಂದಕ್ಕೊಂದು ಯಾವ ಪ್ರಮಾಣದಲ್ಲಿವೆ ಎಂಬುದು ಕೆಪ್ಲರ್ ಕಾಲದಲ್ಲೇ, ಅಂದರೆ 17ನೇ ಶತಮಾನದ ಆರಂಭದಲ್ಲೇ ಗೊತ್ತಿತ್ತು. ಭೂಮಿಯ ದೂರ 100 ಎಂದಿಟ್ಟುಕೊಂಡರೆ ಶುಕ್ರನದು 72. ನಕ್ಷೆ ಇತ್ತು, ಕಿಲೋಮೀಟರ್ ಲೆಕ್ಕ ಇರಲಿಲ್ಲ. ಯಾವುದಾದರೂ ಒಂದು ದೂರ ನಿಜವಾಗಿ ಸಿಕ್ಕಿದರೆ ಸಾಕು, ಉಳಿದದ್ದೆಲ್ಲಾ ತಾನಾಗಿ ಸಿಗುತ್ತಿತ್ತು.

ಅದಕ್ಕೊಂದು ಅವಕಾಶ ಅಂದರೆ ಶುಕ್ರ ಸಂಕ್ರಮಣ. ಶುಕ್ರ ಗ್ರಹ ಸೂರ್ಯನ ಮುಖದ ಮೇಲೆ ಕಪ್ಪು ಚುಕ್ಕೆಯಾಗಿ ಹಾದುಹೋಗುವುದು. ಭೂಮಿಯ ಬೇರೆ ಬೇರೆ ಊರುಗಳಿಂದ ನೋಡಿದರೆ ಆ ಚುಕ್ಕೆ ಹಾದುಹೋಗುವ ದಾರಿ ಸ್ವಲ್ಪ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸದಿಂದ ದೂರದ ಲೆಕ್ಕ ಹಾಕಬಹುದು. 1761 ಮತ್ತು 1769ರ ಸಂಕ್ರಮಣ ನೋಡಲು ಯುರೋಪಿನ ವಿಜ್ಞಾನಿಗಳು ಲೋಕದ ಮೂಲೆಮೂಲೆಗೆ ಹೊರಟರು. ಫ್ರಾನ್ಸಿನ ಲ ಜಾಂಟಿ ಹೊರಟಿದ್ದು ನಮ್ಮ ಪಾಂಡಿಚೇರಿಗೆ. ಹಡಗು ಹತ್ತಿರ ಬರುವಷ್ಟರಲ್ಲಿ ಊರು ಬ್ರಿಟಿಷರ ಕೈಗೆ ಹೋಗಿತ್ತು. 1761ರ ಸಂಕ್ರಮಣವನ್ನು ಅವನು ಓಲಾಡುವ ಹಡಗಿನಿಂದ ನೋಡಬೇಕಾಯಿತು. ಅಲ್ಲಿಂದ ಅಳತೆ ಮಾಡುವುದು ಆಗದ ಮಾತು. ಊರಿಗೆ ಮರಳದೆ ಎಂಟು ವರ್ಷ ಈ ಕಡೆಯೇ ಉಳಿದ. 1769ರಲ್ಲಿ ಪಾಂಡಿಚೇರಿಯಲ್ಲಿ ವೀಕ್ಷಣಾಲಯ ಕಟ್ಟಿ ಕಾದು ಕುಳಿತ. ಆ ಹೊತ್ತಿಗೆ ಸರಿಯಾಗಿ ಮೋಡ ಕವಿಯಿತು. ಓದುವಾಗ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಅವನಿಗೆ ಸಿಗದಿದ್ದರೂ ಬೇರೆಯವರ ಅಳತೆಗಳು ಸಿಕ್ಕವು. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಕಳಿಸಿ, ಅದು ತಾಗಿ ವಾಪಸ್ ಬರುವ ಸಮಯ ಎಣಿಸಿದ ಮೇಲೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಸೂರ್ಯ ಸುಮಾರು 14.96 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಬೆಳಕು ನಮಗೆ ಬರಲು 8 ನಿಮಿಷ 20 ಸೆಕೆಂಡು ಬೇಕು.

ಒಂದು ಕಣ್ಣು ಮುಚ್ಚಿ ನೋಡಿ

ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಆಚೀಚೆ ಜಿಗಿದಂತೆ ಕಾಣುತ್ತದೆ, ಅಲ್ವಾ? ಬೆರಳನ್ನು ಮೂಗಿನ ಹತ್ತಿರ ತಂದರೆ ಜಾಸ್ತಿ ಜಿಗಿಯುತ್ತದೆ, ದೂರ ಒಯ್ದರೆ ಕಡಿಮೆ. ಎರಡು ಕಣ್ಣುಗಳ ನಡುವಿನ ಅಂತರ ಮತ್ತು ಜಿಗಿತದ ಕೋನ ಗೊತ್ತಿದ್ದರೆ ಬೆರಳು ಎಷ್ಟು ದೂರ ಎಂದು ಟೇಪು ಹಿಡಿಯದೆ ಹೇಳಬಹುದು. ಇದೇ ಪ್ಯಾರಲಾಕ್ಸ್.

ನಕ್ಷತ್ರಗಳಿಗೂ ಇದನ್ನೇ ಮಾಡುತ್ತಾರೆ. ಭೂಮಿ ಜನವರಿಯಲ್ಲಿ ಸೂರ್ಯನ ಒಂದು ಬದಿಗಿದ್ದರೆ ಜುಲೈಯಲ್ಲಿ ಇನ್ನೊಂದು ಬದಿಗಿರುತ್ತದೆ. ಈ ಎರಡು ಜಾಗಗಳ ನಡುವೆ ಸುಮಾರು 30 ಕೋಟಿ ಕಿಲೋಮೀಟರ್. ಆರು ತಿಂಗಳ ಅಂತರದಲ್ಲಿ ಒಂದೇ ನಕ್ಷತ್ರವನ್ನು ನೋಡಿದರೆ, ಹತ್ತಿರದ ನಕ್ಷತ್ರ ಹಿಂದಿನ ದೂರದ ನಕ್ಷತ್ರಗಳ ಎದುರು ಚೂರು ಸರಿದಂತೆ ಕಾಣಬೇಕು.

ತೊಂದರೆ ಇರುವುದು ಆ ಚೂರಿನಲ್ಲೇ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗಕ್ಕೆ ಆರ್ಕ್‌ಸೆಕೆಂಡ್ ಎನ್ನುತ್ತಾರೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1,800 ಆರ್ಕ್‌ಸೆಕೆಂಡ್. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ಪ್ಯಾರಲಾಕ್ಸ್ ಕೂಡ ಒಂದು ಆರ್ಕ್‌ಸೆಕೆಂಡ್ ಮುಟ್ಟುವುದಿಲ್ಲ. ಹೀಗಾಗಿ ದೂರದರ್ಶಕ ಬಂದು ಇನ್ನೂರು ವರ್ಷವಾದರೂ ಯಾರಿಗೂ ಈ ಸರಿತ ಸಿಕ್ಕಿರಲಿಲ್ಲ. 1838ರಲ್ಲಿ ಜರ್ಮನಿಯ ಬೆಸೆಲ್ ಇದನ್ನು ಹಿಡಿದ. ರಾಜಹಂಸ ಪುಂಜದಲ್ಲಿ 61 ಸಿಗ್ನಿ ಎಂಬ ಮಂಕು ನಕ್ಷತ್ರವಿದೆ. ಅದರ ಸರಿತದ ಅರ್ಧ, ಅಂದರೆ ಪ್ಯಾರಲಾಕ್ಸ್, ಸುಮಾರು 0.3 ಆರ್ಕ್‌ಸೆಕೆಂಡ್ ಎಂದು ಅವನು ಅಳೆದ. ಅಂದರೆ ಹುಣ್ಣಿಮೆ ಚಂದ್ರನ ಅಗಲದ ಆರು ಸಾವಿರದಲ್ಲೊಂದು ಪಾಲು. ಅದರಿಂದ ಅವನಿಗೆ ಸಿಕ್ಕಿದ ದೂರ ಹತ್ತು ಜ್ಯೋತಿರ್ವರ್ಷಕ್ಕಿಂತ ಚೂರು ಜಾಸ್ತಿ. ಇವತ್ತಿನ ಲೆಕ್ಕ 11.4. ಕಣ್ಣು, ದೂರದರ್ಶಕ, ತಾಳ್ಮೆ ಇಷ್ಟರಲ್ಲೇ ಮಾಡಿದ ಅಳತೆಗೆ ಇದು ತುಂಬಾ ಹತ್ತಿರ.

ಆ ಹೊತ್ತಿಗೇ ದಕ್ಷಿಣ ಆಫ್ರಿಕಾದಲ್ಲಿ ಹೆಂಡರ್ಸನ್ ಮಾಡಿದ್ದ ಅಳತೆಯಿಂದ ಆಲ್ಫಾ ಸೆಂಟಾರಿಯ ದೂರವೂ ಸಿಕ್ಕಿತು. ಇದನ್ನು ನಾವೂ ನೋಡಬಹುದು. ಮೇ, ಜೂನ್ ತಿಂಗಳ ರಾತ್ರಿ ದಕ್ಷಿಣ ದಿಕ್ಕು ಬಯಲಾಗಿರುವ ಕಡೆ ನಿಂತರೆ ದಿಗಂತದಿಂದ ಸ್ವಲ್ಪ ಮೇಲೆ ಹೊಳೆಯುವ ನಕ್ಷತ್ರ ಅದೇ. ಬೆಂಗಳೂರಿನಲ್ಲಿ ಅದು 16 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಯುರೋಪಿನವರಿಗೆ ಅದು ಕಾಣುವುದೇ ಇಲ್ಲ.

ಭೂಮಿಯ ಮೇಲಿನ ಗಾಳಿ ನಕ್ಷತ್ರವನ್ನು ಮಿನುಗಿಸುತ್ತದೆ, ಅಳತೆಯನ್ನು ಕೆಡಿಸುತ್ತದೆ. ಆದ್ದರಿಂದ ಯುರೋಪಿನ ಬಾಹ್ಯಾಕಾಶ ಸಂಸ್ಥೆ 1989ರಲ್ಲಿ ಹಿಪ್ಪಾರ್ಕಸ್ ಎಂಬ ಉಪಗ್ರಹ ಕಳಿಸಿತು. ಅದು ಸುಮಾರು 1.18 ಲಕ್ಷ ನಕ್ಷತ್ರಗಳನ್ನು ನಿಖರವಾಗಿ ಅಳೆಯಿತು. 2013ರ ಡಿಸೆಂಬರ್‌ನಲ್ಲಿ ಹೋದ ಗಾಯಾ 2025ರ ಜನವರಿಯವರೆಗೆ ಕೆಲಸ ಮಾಡಿ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಕೊಟ್ಟಿದೆ. ಲಕ್ಷದಿಂದ ನೂರಾರು ಕೋಟಿಗೆ ಹೋದ ಈ ಜಿಗಿತದ ಬಗ್ಗೆ ಜನಸಾಮಾನ್ಯರಲ್ಲಿ ಮಾತೇ ಇಲ್ಲದಿರುವುದು ನನಗೆ ಬೇಸರದ ಸಂಗತಿ.

ಕೃತ್ತಿಕೆಯ ಕಥೆ ಕೇಳಿ. ಕಣ್ಣಿಗೆ ಆರೇಳು ನಕ್ಷತ್ರಗಳ ಪುಟ್ಟ ಗೊಂಚಲಾಗಿ ಕಾಣುವ ಕೃತ್ತಿಕೆ ಸುಮಾರು 435 ಜ್ಯೋತಿರ್ವರ್ಷ ದೂರ ಎಂದು ಹಳೆಯ ವಿಧಾನಗಳು ಹೇಳುತ್ತಿದ್ದವು. ಹಿಪ್ಪಾರ್ಕಸ್ ಮಾತ್ರ 390 ಎಂದಿತು. ಸುಮ್ನೆ ನಲವತ್ತೈದು ಜ್ಯೋತಿರ್ವರ್ಷದ ವ್ಯತ್ಯಾಸ ಅಂತ ಬಿಡುವ ಹಾಗಿರಲಿಲ್ಲ. ಅಷ್ಟು ಹತ್ತಿರ ಇದ್ದೂ ಇಷ್ಟೇ ಹೊಳೆಯುತ್ತಿವೆ ಅಂದರೆ ಆ ನಕ್ಷತ್ರಗಳು ನಿಜದಲ್ಲಿ ಮಂಕು ಎಂದಾಗುತ್ತದೆ. ಆಗ ನಕ್ಷತ್ರಗಳು ಹೇಗೆ ಉರಿಯುತ್ತವೆ ಎಂಬ ಸಿದ್ಧಾಂತವನ್ನೇ ತಿದ್ದಬೇಕಾಗುತ್ತಿತ್ತು. ವಾದ ವರ್ಷಗಟ್ಟಲೆ ನಡೆಯಿತು. 2014ರಲ್ಲಿ ಬೇರೆ ಬೇರೆ ಕಡೆಯ ರೇಡಿಯೋ ದೂರದರ್ಶಕಗಳನ್ನು ಒಟ್ಟುಗೂಡಿಸಿ ಅಳೆದಾಗ ಸುಮಾರು 443 ಬಂತು. ಆಮೇಲೆ ಗಾಯಾ ಕೂಡ ಅದನ್ನೇ ಹೇಳಿತು. ತಪ್ಪು ಹಿಪ್ಪಾರ್ಕಸ್‌ನದಾಗಿತ್ತು.

ಆದರೆ ಗಾಯಾಕ್ಕೂ ಒಂದು ಮಿತಿ ಇದೆ. ಆಂಡ್ರೊಮಿಡಾದಷ್ಟು ದೂರ ಹೋದರೆ ಪ್ಯಾರಲಾಕ್ಸ್ ಒಂದು ಆರ್ಕ್‌ಸೆಕೆಂಡಿನ ಏಳೂವರೆ ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ. ಅಲ್ಲಿಗೆ ಬೇರೆ ದಾರಿ ಬೇಕು.

ಹೆನ್ರಿಯೆಟ್ಟಾ ಲೆವಿಟ್ ಕಂಡದ್ದು

ದೂರ ಹೋದಷ್ಟೂ ಬೆಳಕು ಮಂಕಾಗುತ್ತದೆ. ಅದಕ್ಕೊಂದು ನಿಯಮವೂ ಇದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲು, ದೂರ ಹತ್ತು ಪಟ್ಟಾದರೆ ನೂರರಲ್ಲೊಂದು ಪಾಲು. ಹಾಗಾದರೆ ಮಂಕಾಗಿರುವುದನ್ನೇ ನೋಡಿ ದೂರ ಹೇಳಬಹುದಲ್ಲ? ಹೇಳಬಹುದು, ನಕ್ಷತ್ರದ ನಿಜವಾದ ಪ್ರಕಾಶ ಗೊತ್ತಿದ್ದರೆ. ಅದೇ ಗೊತ್ತಿಲ್ಲ. ಲುಬ್ಧಕ 8.6 ಜ್ಯೋತಿರ್ವರ್ಷ ದೂರದಲ್ಲಿದ್ದು ಸೂರ್ಯನ 25 ಪಟ್ಟು ಬೆಳಗುತ್ತದೆ. ಅದರ ಪಕ್ಕದ ಮಹಾವ್ಯಾಧ ಪುಂಜದ ರೈಜಲ್ ನೂರು ಪಟ್ಟು ದೂರದಲ್ಲಿದೆ. ಆದರೂ ಕಣ್ಣು ಕೋರೈಸುತ್ತದೆ. ಏಕೆಂದರೆ ಅದು ಸೂರ್ಯನ ಲಕ್ಷ ಪಟ್ಟಿನ ಆಸುಪಾಸು ಬೆಳಗುವ ದೈತ್ಯ. ಎರಡೂ ಅಕ್ಕಪಕ್ಕ ಕಾಣುತ್ತವೆ. ಯಾವುದು ಹತ್ತಿರ, ಯಾವುದು ದೂರ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಬಿಡಿಸಲಾಗದ ಈ ಗಂಟನ್ನು ಬಿಡಿಸಿದವರು ಅಮೆರಿಕದ ಹೆನ್ರಿಯೆಟ್ಟಾ ಲೆವಿಟ್. 1868ರಲ್ಲಿ ಹುಟ್ಟಿದ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾರ್ವರ್ಡ್ ಕಾಲೇಜಿನ ವೀಕ್ಷಣಾಲಯದಲ್ಲಿ ಆಗ ಲೆಕ್ಕ ಮಾಡಲು ಹೆಂಗಸರನ್ನು ಇಟ್ಟುಕೊಳ್ಳುತ್ತಿದ್ದರು. ಸಂಬಳ ಕಡಿಮೆ ಕೊಟ್ಟರೆ ಸಾಕು ಎಂಬುದೂ ಅದಕ್ಕೊಂದು ಕಾರಣ. ಲೆವಿಟ್‌ಗೆ ಸಿಗುತ್ತಿದ್ದದ್ದು ಗಂಟೆಗೆ 30 ಸೆಂಟ್. ದೂರದರ್ಶಕದ ಮುಂದೆ ಕೂರುವ ಕೆಲಸ ಗಂಡಸರದು. ಹೆಂಗಸರ ಮುಂದೆ ಬರುತ್ತಿದ್ದದ್ದು ಗಾಜಿನ ಫಲಕಗಳು. ಒಂದೊಂದು ಫಲಕವೂ ಒಂದು ರಾತ್ರಿಯ ಆಕಾಶದ ಫೋಟೋ. ನೆಗೆಟಿವ್ ಆದ್ದರಿಂದ ಆಕಾಶ ಬಿಳಿ, ನಕ್ಷತ್ರಗಳು ಕಪ್ಪು ಚುಕ್ಕೆ. ಚುಕ್ಕೆ ದೊಡ್ಡದಿದ್ದಷ್ಟೂ ನಕ್ಷತ್ರದ ಬೆಳಕು ಜಾಸ್ತಿ. ಬೇರೆ ಬೇರೆ ರಾತ್ರಿಯ ಫಲಕಗಳನ್ನು ಭೂತಗನ್ನಡಿ ಹಿಡಿದು ಹೋಲಿಸಿ, ಯಾವ ಚುಕ್ಕೆ ಹಿಗ್ಗಿದೆ, ಯಾವುದು ಕುಗ್ಗಿದೆ ಎಂದು ಗುರುತು ಹಾಕುವುದು ಅವರ ಕೆಲಸ.

ಲೆವಿಟ್ ನೋಡುತ್ತಿದ್ದದ್ದು ಪೆರು ದೇಶದ ಅರೆಕ್ವಿಪಾದಲ್ಲಿ ತೆಗೆದ ಮೆಗೆಲ್ಲಾನಿಕ್ ಮೋಡಗಳ ಫಲಕಗಳನ್ನು. ಹೆಸರಿಗೆ ಮೋಡ, ನಿಜದಲ್ಲಿ ನಮ್ಮ ಆಕಾಶಗಂಗೆಯ ಪಕ್ಕದ ಎರಡು ಚಿಕ್ಕ ಗೆಲಾಕ್ಸಿಗಳು. ಅಲ್ಲಿ ಬೆಳಕು ಏರಿಳಿಯುವ 1,777 ನಕ್ಷತ್ರಗಳನ್ನು ಅವರು ಪತ್ತೆಹಚ್ಚಿದರು. 1908ರಲ್ಲಿ ಅದನ್ನು ಪ್ರಕಟಿಸುವಾಗ ಒಂದು ಮಾತು ಬರೆದರು: ಹೆಚ್ಚು ಬೆಳಗುವ ನಕ್ಷತ್ರಗಳು ಏರಿಳಿಯಲು ಹೆಚ್ಚು ದಿನ ತೆಗೆದುಕೊಳ್ಳುತ್ತವೆ. 1912ರಲ್ಲಿ ಚಿಕ್ಕ ಮೋಡದ 25 ನಕ್ಷತ್ರಗಳನ್ನಿಟ್ಟು ನಕ್ಷೆ ಬರೆದಾಗ ಅದು ನೇರ ಗೆರೆಯಾಗಿ ನಿಂತಿತು. ಆ ವರದಿ ಹೊರಬಂದಿದ್ದು ನಿರ್ದೇಶಕ ಪಿಕರಿಂಗ್ ಅವರ ಸಹಿಯಲ್ಲಿ. ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂದು ಮೊದಲ ಸಾಲಿನಲ್ಲೇ ಇದೆ, ಅಷ್ಟು ಸಮಾಧಾನ.

ಇದರ ಮಹತ್ವ ಎಲ್ಲಿದೆ ಅಂತ ನಿಧಾನವಾಗಿ ನೋಡಬೇಕು. ಆ 25 ನಕ್ಷತ್ರಗಳೂ ಇರುವುದು ಒಂದೇ ಮೋಡದಲ್ಲಿ. ಅದು ನಮ್ಮಿಂದ ಎಷ್ಟು ದೂರವೋ ಇರಲಿ, ಅವೆಲ್ಲವೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ. ಹಾಗಾಗಿ ಅವುಗಳಲ್ಲಿ ಒಂದು ಮಂಕಾಗಿ, ಇನ್ನೊಂದು ಪ್ರಖರವಾಗಿ ಕಂಡರೆ ಅದಕ್ಕೆ ದೂರ ಕಾರಣವಾಗಲಾರದು. ಅದು ನಿಜವಾದ ವ್ಯತ್ಯಾಸವೇ. ಅಂದರೆ ನಕ್ಷತ್ರ ಎಷ್ಟು ದಿನಕ್ಕೊಮ್ಮೆ ಏರಿಳಿಯುತ್ತದೆ ಎಂದು ಎಣಿಸಿದರೆ ಅದರ ನಿಜವಾದ ಪ್ರಕಾಶ ಗೊತ್ತಾಗುತ್ತದೆ. ದಿನ ಎಣಿಸುವುದಕ್ಕೆ ದೂರ ತಿಳಿದಿರಬೇಕಿಲ್ಲ!

ಇನ್ನು ಲೆಕ್ಕ ಸುಲಭ. ಪ್ಯಾರಲಾಕ್ಸ್‌ನಿಂದ ದೂರ ಗೊತ್ತಿರುವ, ಹತ್ತು ದಿನಕ್ಕೊಮ್ಮೆ ಏರಿಳಿಯುವ ಒಂದು ನಕ್ಷತ್ರ ಹತ್ತಿರದಲ್ಲಿದೆ ಅನ್ನಿ. ಬೇರೊಂದು ಗೆಲಾಕ್ಸಿಯಲ್ಲೂ ಹತ್ತು ದಿನದ ನಕ್ಷತ್ರ ಸಿಕ್ಕಿತು. ಅದು ಹತ್ತಿರದ್ದಕ್ಕಿಂತ ಹತ್ತು ಸಾವಿರ ಪಟ್ಟು ಮಂಕಾಗಿದೆ. ಹಾಗಾದರೆ ಅದು ನೂರು ಪಟ್ಟು ದೂರದಲ್ಲಿದೆ. ಮುಗಿಯಿತು.

ಈ ಜಾತಿಯ ನಕ್ಷತ್ರಗಳಿಗೆ ಸೆಫೀಡ್ ಎಂದು ಹೆಸರು. ಸೆಫಿಯಸ್ ಪುಂಜದ ಡೆಲ್ಟಾ ಸೆಫೈ ನಕ್ಷತ್ರದಿಂದ ಬಂದದ್ದು. ಅದರ ಏರಿಳಿತವನ್ನು 1784ರಲ್ಲಿ ಕಂಡುಹಿಡಿದ ಜಾನ್ ಗುಡ್‌ರಿಕ್ ಕಿವುಡ ಯುವಕ. 21ನೇ ವಯಸ್ಸಿಗೇ ತೀರಿಕೊಂಡ. ಅವನು ನೋಡಿದ್ದನ್ನು ನೀವೂ ನೋಡಬಹುದು, ಉಪಕರಣ ಏನೂ ಬೇಡ. ಅಕ್ಟೋಬರ್, ನವೆಂಬರ್ ಸಂಜೆ ಊರಿನ ದೀಪಗಳಿಂದ ದೂರ ಹೋಗಿ ಉತ್ತರಕ್ಕೆ ಮುಖ ಮಾಡಿ. ಕ್ಯಾಸಿಯೋಪಿಯಾದ ಪಕ್ಕ, ಪಶ್ಚಿಮದ ಕಡೆಗೆ ಸೆಫಿಯಸ್ ಇದೆ. ಅದರ ಒಂದು ಮೂಲೆಯಲ್ಲಿ ಮೂರು ನಕ್ಷತ್ರಗಳ ಚಿಕ್ಕ ತ್ರಿಕೋನ ಸಿಗುತ್ತದೆ: ಡೆಲ್ಟಾ, ಝೀಟಾ, ಎಪ್ಸಿಲಾನ್. ಝೀಟಾ ಪ್ರಖರ, ಎಪ್ಸಿಲಾನ್ ಮಂಕು, ಎರಡೂ ಬದಲಾಗುವುದಿಲ್ಲ. ಡೆಲ್ಟಾ ಒಂದು ರಾತ್ರಿ ಝೀಟಾಕ್ಕೆ ಸಮ ಎನ್ನುವಷ್ಟು ಬೆಳಗುತ್ತದೆ. ಮೂರ್ನಾಲ್ಕು ರಾತ್ರಿ ಬಿಟ್ಟು ನೋಡಿದರೆ ಎಪ್ಸಿಲಾನ್‌ಗಿಂತಲೂ ತುಸು ಮಂಕು. 5 ದಿನ 9 ಗಂಟೆಗೊಮ್ಮೆ ಈ ಸುತ್ತು ಮುಗಿಯುತ್ತದೆ. ಏರುವುದು ಬೇಗ, ಇಳಿಯುವುದು ನಿಧಾನ.

ಅದು ಹೀಗೇಕೆ ಆಡುತ್ತದೆ? ನಕ್ಷತ್ರದ ಹೊರಪದರದಲ್ಲಿರುವ ಹೀಲಿಯಂ ಅನಿಲ ಇಲ್ಲಿ ಕುಕ್ಕರಿನ ವಿಷಲ್ ಇದ್ದಂತೆ. ಬಿಸಿ ಏರಿದಾಗ ಆ ಹೀಲಿಯಂ ಒಳಗಿನಿಂದ ಬರುವ ಬೆಳಕನ್ನು ತಡೆಯುತ್ತದೆ. ಒಳಗೆ ಒತ್ತಡ ಕಟ್ಟಿಕೊಂಡು ನಕ್ಷತ್ರ ಉಬ್ಬುತ್ತದೆ. ಉಬ್ಬಿದಾಗ ಪದರ ತಣಿದು ಪಾರದರ್ಶಕವಾಗುತ್ತದೆ, ತಡೆದಿದ್ದ ಶಕ್ತಿ ಹೊರಗೆ ಹೋಗುತ್ತದೆ. ಒತ್ತಡ ಇಳಿದು ನಕ್ಷತ್ರ ಮತ್ತೆ ಕುಗ್ಗುತ್ತದೆ, ಬಿಸಿಯಾಗುತ್ತದೆ. ದೊಡ್ಡ ನಕ್ಷತ್ರ ಉಬ್ಬಿ ಕುಗ್ಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ದೊಡ್ಡದಾದ್ದರಿಂದ ಅದರ ಬೆಳಕೂ ಜಾಸ್ತಿ. ಲೆವಿಟ್ ಕಂಡ ನೇರ ಗೆರೆಯ ಹಿಂದಿರುವುದು ಇದೇ.

ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ 1925ರಲ್ಲಿ ಲೆವಿಟ್‌ರನ್ನು ನೊಬೆಲ್‌ಗೆ ಸೂಚಿಸುವ ಮನಸ್ಸಿನಿಂದ ಪತ್ರ ಬರೆದರು. ಲೆವಿಟ್ 1921ರಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡ ಸುದ್ದಿ ಸ್ವೀಡನ್ನಿಗೆ ಮುಟ್ಟಿರಲಿಲ್ಲ. ಖಗೋಳ ವಿಜ್ಞಾನಿ ಹಬಲ್ ಹೆಸರು ಕೇಳಿದವರೆಲ್ಲಾ ಲೆವಿಟ್ ಹೆಸರನ್ನೂ ಕೇಳಿರಬೇಕು ಎಂಬುದು ನನ್ನ ಆಸೆ. ಅವರಿಲ್ಲದೆ ಹಬಲ್ ಇಲ್ಲ.

ಆಕಾಶಗಂಗೆಯ ಆಚೆ

ನೂರು ವರ್ಷದ ಹಿಂದೆ ದೊಡ್ಡ ಪ್ರಶ್ನೆ ಇದು: ಇರುವುದೆಲ್ಲಾ ನಮ್ಮ ಆಕಾಶಗಂಗೆಯ ಒಳಗೇ ಇದೆಯೇ, ಅಥವಾ ಅದರಂಥವು ಬೇರೆಯೂ ಇವೆಯೇ? ಆಂಡ್ರೊಮಿಡಾವನ್ನು ಪರ್ಷಿಯಾದ ಅಲ್ ಸೂಫಿ 964ರಲ್ಲೇ ಚಿಕ್ಕ ಮೋಡ ಎಂದು ಬರೆದಿಟ್ಟಿದ್ದ. ಅದು ನಮ್ಮೊಳಗಿನ ಅನಿಲದ ಸುಳಿ ಎಂದು ಕೆಲವರು, ದೂರದ ನಕ್ಷತ್ರಲೋಕ ಎಂದು ಕೆಲವರು. 1920ರ ಏಪ್ರಿಲ್ 26ರಂದು ವಾಷಿಂಗ್ಟನ್‌ನಲ್ಲಿ ಖಗೋಳ ವಿಜ್ಞಾನಿಗಳಾದ ಶಾಪ್ಲಿ ಮತ್ತು ಕರ್ಟಿಸ್ ಇದರ ಮೇಲೆ ಎದುರಾಬದುರು ವಾದಿಸಿದರು. ತೀರ್ಮಾನ ಆಗಲಿಲ್ಲ. ದೂರ ಗೊತ್ತಿಲ್ಲದೆ ಎಷ್ಟು ವಾದಿಸಿದರೂ ಅಷ್ಟೇ.

1923ರ ಅಕ್ಟೋಬರ್ ಮೊದಲ ವಾರ ಎಡ್ವಿನ್ ಹಬಲ್ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ 100 ಇಂಚಿನ ದೂರದರ್ಶಕದಿಂದ ಆಂಡ್ರೊಮಿಡಾದ ಫೋಟೋ ತೆಗೆದ. ಆಗಿನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ದೂರದರ್ಶಕ ಅದು. ಫಲಕದಲ್ಲಿ ಮೂರು ಹೊಸ ಚುಕ್ಕೆ ಕಂಡವು. ಏಕಾಏಕಿ ಹೊತ್ತಿಕೊಂಡು ಆರುವ ನೋವಾಗಳಿರಬೇಕು ಎಂದು ಮೂರಕ್ಕೂ ಶಾಯಿಯಲ್ಲಿ ಗುರುತು ಹಾಕಿದ. ಹಳೆಯ ಫಲಕಗಳನ್ನು ತೆಗೆದು ನೋಡಿದರೆ ಮೂರರಲ್ಲೊಂದು ಮೊದಲೂ ಅಲ್ಲೇ ಇತ್ತು. ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಂಕಾಗುತ್ತಿತ್ತು. ಹಬಲ್ ಆ ಗುರುತನ್ನು ಹೊಡೆದುಹಾಕಿ, ಇದು ಏರಿಳಿಯುವ ನಕ್ಷತ್ರ ಎಂದು ಪಕ್ಕದಲ್ಲಿ ಬರೆದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ. ಆ ಗಾಜಿನ ಫಲಕ ಇವತ್ತಿಗೂ ಇದೆ. ಅದು 31 ದಿನಕ್ಕೊಮ್ಮೆ ಏರಿಳಿಯುವ ಸೆಫೀಡ್. ಲೆವಿಟ್ ಗೆರೆಯ ಪ್ರಕಾರ ಲೆಕ್ಕ ಹಾಕಿದರೆ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಆಕಾಶಗಂಗೆ ಎಷ್ಟೇ ದೊಡ್ಡದೆಂದರೂ ಅಷ್ಟಿರಲು ಸಾಧ್ಯವಿರಲಿಲ್ಲ. ಆಂಡ್ರೊಮಿಡಾ ಬೇರೆಯೇ ಒಂದು ಗೆಲಾಕ್ಸಿ. ಹಬಲ್‌ನ ಪತ್ರ ಬಂದಾಗ ಶಾಪ್ಲಿ, ನನ್ನ ವಿಶ್ವವನ್ನು ಒಡೆದುಹಾಕಿದ ಪತ್ರ ಇದು ಎಂದರೆಂದು ಅಲ್ಲಿದ್ದ ಖಗೋಳ ವಿಜ್ಞಾನಿ ಸಿಸಿಲಿಯಾ ಪೇನ್ ಆಮೇಲೆ ನೆನಪಿಸಿಕೊಂಡಿದ್ದಾರೆ.

ನವೆಂಬರ್, ಡಿಸೆಂಬರ್ ಸಂಜೆ ಕತ್ತಲೆ ಚೆನ್ನಾಗಿರುವ ಕಡೆ ಉತ್ತರಾಭಾದ್ರದಿಂದ ತುಸು ಈಶಾನ್ಯಕ್ಕೆ ಕಣ್ಣು ಹಾಯಿಸಿದರೆ ಆಂಡ್ರೊಮಿಡಾ ಬರಿಗಣ್ಣಿಗೇ ಸಿಗುತ್ತದೆ, ಒರೆಸಿದಂಥ ಮಸುಕು ಕಲೆಯಾಗಿ. ಬೈನಾಕ್ಯುಲರ್ ಇದ್ದರೆ ಇನ್ನೂ ಚೆಂದ.

ಓಡುವ ಗೆಲಾಕ್ಸಿಗಳು, ತಪ್ಪಿದ ಲೆಕ್ಕ

ಗೆಲಾಕ್ಸಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಅದರಲ್ಲಿ ಕೆಲವು ಗೊತ್ತಿರುವ ಗೆರೆಗಳು ಕಾಣುತ್ತವೆ. ಗೆಲಾಕ್ಸಿ ನಮ್ಮಿಂದ ದೂರ ಹೋಗುತ್ತಿದ್ದರೆ ಆ ಗೆರೆಗಳು ಕೆಂಪಿನ ಕಡೆ ಸರಿಯುತ್ತವೆ, ಹತ್ತಿರ ಬರುತ್ತಿದ್ದರೆ ನೀಲಿಯ ಕಡೆ. ಅಮೆರಿಕದ ವೆಸ್ಟೊ ಸ್ಲೈಫರ್ 1912ರಿಂದ ಇದನ್ನು ಅಳೆಯುತ್ತಾ ಬಂದರು. ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ಉಳಿದವುಗಳಲ್ಲಿ ಬಹುಪಾಲು ದೂರ ಹೋಗುತ್ತಿದ್ದವು. 1927ರಲ್ಲಿ ಬೆಲ್ಜಿಯಂನ ಪಾದ್ರಿ ಲಮೇತ್ರ್ ವಿಶ್ವವೇ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. 1929ರಲ್ಲಿ ಹಬಲ್ ತನ್ನ ದೂರಗಳನ್ನೂ ಸ್ಲೈಫರ್ ವೇಗಗಳನ್ನೂ ಒಂದೇ ನಕ್ಷೆಯಲ್ಲಿಟ್ಟು, ದೂರ ಹೆಚ್ಚಾದಷ್ಟೂ ವೇಗ ಹೆಚ್ಚು ಎಂದು ಕಂಡುಕೊಂಡ.

ಹಿಗ್ಗುವ ವೇಗ ಗೊತ್ತಾದರೆ ಹಿಗ್ಗಲು ಶುರುವಾಗಿ ಎಷ್ಟು ಕಾಲವಾಯಿತು ಎಂದೂ ಅಂದಾಜು ಮಾಡಬಹುದು. ಇಲ್ಲೇ ಪೇಚಾಟ ಬಂತು. ಹಬಲ್ ಲೆಕ್ಕದ ಪ್ರಕಾರ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ವೇಗ ಸೆಕೆಂಡಿಗೆ 500 ಕಿಲೋಮೀಟರ್‌ನಷ್ಟು ಏರುತ್ತಿತ್ತು. ಅದರಿಂದ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ. ಆದರೆ ಭೂಮಿಯ ಬಂಡೆಗಳು ಅದಕ್ಕಿಂತ ಹಳೆಯವು ಎಂದು ಭೂವಿಜ್ಞಾನಿಗಳು ಹೇಳುತ್ತಿದ್ದರು. ಮಗು ತಾಯಿಗಿಂತ ದೊಡ್ಡದಾಗುವುದು ಹೇಗೆ?

ಉತ್ತರ ಸಿಕ್ಕಿದ್ದು ಯುದ್ಧದ ಕತ್ತಲೆಯಲ್ಲಿ. ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಜರ್ಮನ್ ಪ್ರಜೆ. ಹಾಗಾಗಿ ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಅವರನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅವರು ಮೌಂಟ್ ವಿಲ್ಸನ್‌ನಲ್ಲೇ ಉಳಿದರು. ಬಾಂಬ್ ದಾಳಿಯ ಭಯಕ್ಕೆ ಕೆಳಗಿನ ಲಾಸ್ ಏಂಜಲೀಸ್ ದೀಪ ಆರಿಸುತ್ತಿತ್ತು. ಅಂಥ ಕಪ್ಪು ಆಕಾಶದಲ್ಲಿ ಬಾಡೆ ಆಂಡ್ರೊಮಿಡಾದ ನಡುಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ನೋಡಿದರು. ನಕ್ಷತ್ರಗಳಲ್ಲಿ ಎರಡು ಪೀಳಿಗೆ ಇವೆ ಎಂದು ಹೊಳೆಯಿತು. ಮುಂದೆ ಸೆಫೀಡ್‌ಗಳಲ್ಲೂ ಎರಡು ಬಗೆ ಎಂದು ತಿಳಿಯಿತು. ಅಷ್ಟೇ ದಿನಕ್ಕೊಮ್ಮೆ ಏರಿಳಿದರೂ ಒಂದು ಬಗೆ ಇನ್ನೊಂದಕ್ಕಿಂತ ಸುಮಾರು ನಾಲ್ಕು ಪಟ್ಟು ಪ್ರಖರ. ಹಬಲ್ ನೋಡಿದ್ದು ಪ್ರಖರವಾದ ಬಗೆಯನ್ನು, ಲೆಕ್ಕ ಹಾಕಿದ್ದು ಮಂಕು ಬಗೆಯ ಪ್ರಕಾಶವನ್ನಿಟ್ಟುಕೊಂಡು. ಬೆಳಕು ನಾಲ್ಕು ಪಟ್ಟು ಅಂದರೆ ದೂರ ಎರಡು ಪಟ್ಟು. 1952ರಲ್ಲಿ ಬಾಡೆ ಇದನ್ನು ಪ್ರಕಟಿಸಿದಾಗ ಎಲ್ಲಾ ಗೆಲಾಕ್ಸಿಗಳೂ ಒಂದೇ ಏಟಿಗೆ ಎರಡು ಪಟ್ಟು ದೂರ ಹೋದವು, ವಿಶ್ವದ ವಯಸ್ಸೂ ಎರಡು ಪಟ್ಟಾಯಿತು. ಆಮೇಲೆ ಇನ್ನಷ್ಟು ತಿದ್ದುಪಡಿಗಳಾಗಿ ಈಗ ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷಕ್ಕೆ ಬಂದು ನಿಂತಿದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷಕ್ಕೆ.

ಸ್ಫೋಟಗಳ ಬೆಳಕಿನಲ್ಲಿ

ಹತ್ತು ಕೋಟಿ ಜ್ಯೋತಿರ್ವರ್ಷ ದಾಟಿದ ಮೇಲೆ ಸೆಫೀಡ್‌ಗಳನ್ನು ಬಿಡಿಯಾಗಿ ಗುರುತಿಸುವುದು ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೂ ಕಷ್ಟ. ಅಲ್ಲಿಂದ ಮುಂದೆ ಒಂದು ಬಗೆಯ ಸೂಪರ್‌ನೋವಾ (ನಕ್ಷತ್ರದ ಭಾರೀ ಸ್ಫೋಟ) ನೆರವಿಗೆ ಬರುತ್ತದೆ. ಇಂಧನ ಮುಗಿದ ಸೂರ್ಯನಂಥ ನಕ್ಷತ್ರ ಕುಗ್ಗಿ ಶ್ವೇತಕುಬ್ಜವಾಗುತ್ತದೆ. ಅದರ ತೂಕ ಸೂರ್ಯನ 1.4 ಪಟ್ಟನ್ನು ಮೀರಿ ನಿಲ್ಲಲಾರದು. ಈ ಮಿತಿಗೆ ಎಸ್. ಚಂದ್ರಶೇಖರ್ ಅವರ ಹೆಸರಿದೆ. 1930ರಲ್ಲಿ, 19ರ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಅವರು ಈ ಲೆಕ್ಕ ಶುರು ಮಾಡಿದ್ದರು. ಜೊತೆಯ ನಕ್ಷತ್ರದಿಂದ ಅನಿಲ ಎಳೆದುಕೊಂಡೋ, ಇನ್ನೊಂದು ಶ್ವೇತಕುಬ್ಜದ ಜೊತೆ ಸೇರಿಯೋ ಇದು ಸಿಡಿದಾಗ ನೂರಾರು ಕೋಟಿ ಸೂರ್ಯರಷ್ಟು ಬೆಳಗುತ್ತದೆ. ಬೆಳಕು ಇಳಿಯುವ ವೇಗ ನೋಡಿದರೆ ಗರಿಷ್ಠ ಪ್ರಕಾಶ ಎಷ್ಟಿತ್ತು ಎಂದು ತಿಳಿಯುತ್ತದೆ.

ಮೆಟ್ಟಿಲುಗಳು ಒಂದಕ್ಕೊಂದು ಕೂಡುವುದು ಹೇಗೆ ಎಂಬುದಕ್ಕೆ 2011ರ ಆಗಸ್ಟ್ ಒಳ್ಳೆಯ ಉದಾಹರಣೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ 2.1 ಕೋಟಿ ಜ್ಯೋತಿರ್ವರ್ಷ ದೂರದ ಎಂ 101 ಗೆಲಾಕ್ಸಿಯಲ್ಲಿ ಇಂಥ ಸೂಪರ್‌ನೋವಾ ಸಿಡಿಯಿತು. ಅದೇ ಗೆಲಾಕ್ಸಿಯಲ್ಲಿ ಸೆಫೀಡ್‌ಗಳೂ ಕಾಣುತ್ತವೆ. ಸೆಫೀಡ್‌ನಿಂದ ದೂರ, ಆ ದೂರದಿಂದ ಸೂಪರ್‌ನೋವಾದ ನಿಜ ಪ್ರಕಾಶ, ಆ ಪ್ರಕಾಶದಿಂದ ಇನ್ನೂ ನೂರು ಪಟ್ಟು ದೂರದ ಸೂಪರ್‌ನೋವಾಗಳ ದೂರ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಸೂಪರ್‌ನೋವಾಗಳ ಬೆಳಕನ್ನು ಹಿಂಬಾಲಿಸುವುದು ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು.

1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿವೆ, ಅಂದರೆ ವಿಶ್ವ ಹಿಗ್ಗುವ ವೇಗವೇ ಹೆಚ್ಚುತ್ತಿದೆ ಎಂದು ಕಂಡುಕೊಂಡವು. ಅದಕ್ಕೆ 2011ರ ನೊಬೆಲ್ ಪ್ರಶಸ್ತಿ ಬಂತು. ವೇಗ ಹೆಚ್ಚಿಸುತ್ತಿರುವುದಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟಿದ್ದಾರೆ. ಅದು ಏನು ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ.

ಈಗ ನಡೆಯುತ್ತಿರುವ ವಾದ ಇನ್ನೊಂದು. ಏಣಿ ಹತ್ತಿ ಅಳೆದರೆ ಹಿಗ್ಗುವ ವೇಗ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 73 ಕಿಲೋಮೀಟರ್. ವಿಶ್ವಕ್ಕೆ ಬರೀ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಹಳೆಯ ಬೆಳಕನ್ನು ಪ್ಲಾಂಕ್ ಉಪಗ್ರಹ ಅಳೆದಿದೆ. ಅದರಿಂದ ಲೆಕ್ಕ ಹಾಕಿದರೆ ಸುಮಾರು 67.4. ಎರಡೂ ಕಡೆಯವರು ತಮ್ಮ ಲೆಕ್ಕ ನೂರು ಸಲ ತಿರುವಿ ನೋಡಿದ್ದಾರೆ. ಸೆಫೀಡ್‌ಗಳನ್ನು ಹಬಲ್ ದೂರದರ್ಶಕ ತಪ್ಪಾಗಿ ನೋಡಿರಬಹುದೇ ಎಂದು ಜೇಮ್ಸ್ ವೆಬ್ ದೂರದರ್ಶಕದಿಂದ ಮತ್ತೆ ನೋಡಿದರು. ಹಬಲ್ ನೋಡಿದ್ದು ಸರಿಯಾಗೇ ಇತ್ತು. ಬೇರೆ ಜಾತಿಯ ನಕ್ಷತ್ರಗಳನ್ನೂ ಸೇರಿಸಿಕೊಂಡು ಅಳೆದ ವೆಂಡಿ ಫ್ರೀಡ್‌ಮನ್ ತಂಡಕ್ಕೆ ಎರಡರ ನಡುವೆ, 70ರ ಹತ್ತಿರ ಸಿಕ್ಕಿದೆ. ನಮಗೆ ತಿಳಿಯದ ಭೌತಶಾಸ್ತ್ರ ಇಲ್ಲಿ ಅಡಗಿದೆ ಎಂದು ಕೆಲವರು, ಯಾವುದೋ ಮೆಟ್ಟಿಲು ಇನ್ನೂ ಸರಿಯಾಗಿ ಕೂತಿಲ್ಲ ಎಂದು ಕೆಲವರು. ಬಾಡೆ ಕಥೆ ಓದಿದವರಿಗೆ ಎರಡನೆಯ ಮಾತನ್ನು ತಳ್ಳಿಹಾಕಲು ಮನಸ್ಸು ಬಾರದು.

ಅದಕ್ಕೇ ಈಗ ಎಲ್ಲರ ಕಣ್ಣು ಮತ್ತೆ ಪ್ಯಾರಲಾಕ್ಸ್ ಮೇಲಿದೆ. ಕ್ವೇಸಾರ್‌ಗಳು ಅಂದರೆ ಕೆಲವು ಗೆಲಾಕ್ಸಿಗಳ ಅತಿ ಪ್ರಖರ ನಡುಭಾಗಗಳು. ಅವು ನೂರಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ, ಅವುಗಳ ಪ್ಯಾರಲಾಕ್ಸ್ ಸೊನ್ನೆ ಬರಬೇಕು. ಗಾಯಾ ಅಳತೆಯಲ್ಲಿ ಅದು ಸೊನ್ನೆಗಿಂತ ಕೆಳಗೆ, ಆರ್ಕ್‌ಸೆಕೆಂಡಿನ ಹತ್ತು ಲಕ್ಷದಲ್ಲಿ 17 ಪಾಲಿನಷ್ಟು ಇಳಿದಿತ್ತು. ಉಪಕರಣದ ಈ ಸಣ್ಣ ವಾಲಿಕೆಯನ್ನು ಪ್ರತಿ ಸೆಫೀಡ್ ಲೆಕ್ಕದಲ್ಲೂ ಸರಿಪಡಿಸಿಕೊಳ್ಳಬೇಕು. ಗಾಯಾ ಸಂಗ್ರಹದ ಮುಂದಿನ ಕಂತನ್ನು 2026ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡುವ ಯೋಜನೆ ಇದೆ. ಐದೂವರೆ ವರ್ಷದ ಅಳತೆಗಳು ಅದರಲ್ಲಿರುತ್ತವೆ. ಹತ್ತಿರದ ಸೆಫೀಡ್‌ಗಳ ದೂರ ಆಗ ಇನ್ನಷ್ಟು ಖಚಿತವಾಗುತ್ತದೆ, 73 ಅಲುಗುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.